ಸುತ್ತುತ್ತಲೇ ಇದ್ದ ಚಕ್ರ

ಸೋಮವಾರ, ಬೆಳಗಿನ ಹತ್ತು ಗಂಟೆ. ನನ್ನ ತಂಗಿಯ ತಿಥಿ ಮುಗಿದ ಮರುದಿನ. ದೇವನಹಳ್ಳಿ ಬಳಿಯ ವಿಜಯಪುರದ ನಮ್ಮ ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ತಂಗಿಯ ಮಗಳು. ಬಾಡಿಗೆ ಪಾತ್ರೆಗಳನ್ನು ತೊಳೆದು ಹಿಂದಿರುಗಿಸಿ, ಚಾಪೆಗಳನ್ನು ಒಗೆದು ಹರವಿ, ಆಮೇಲೆ ಕುಳಿತೆ. ರೇಷ್ಮೆ ಹುರಿ ಮಾಡುವ ಶೆಡ್ಡಿನಲ್ಲಿ ಮೇಲ್ವಿಚಾರಕಿಯಾಗಿ ವಯಸ್ಸು ಕಳೆದವಳು ನಾನು. ಅಳುವುದಕ್ಕೂ ಕೆಲಸ ಮುಗಿಯಬೇಕು.

ತಂಗಿಯ ಮಗಳು ದೊಡ್ಡಬಳ್ಳಾಪುರದಲ್ಲಿ ಮನೆಯಿಂದಲೇ ವೆಬ್ ಪುಟಗಳನ್ನು ಬರೆಯುತ್ತಾಳೆ. ನಮ್ಮ ಕಡೆಯ ಒಂದು ಸಣ್ಣ ಡಯಾಲಿಸಿಸ್ ಕೇಂದ್ರಕ್ಕೆ ಪಾಳಿ ಕಾಯ್ದಿರಿಸುವ ಪುಟ ಮಾಡಿಕೊಟ್ಟವಳು ಅವಳೇ. ಅವಳಮ್ಮನೂ ಅಲ್ಲಿಯ ರೋಗಿ. ಪ್ರತಿ ಸೋಮವಾರ ಸಂಜೆ ಆರಕ್ಕೆ ಮುಂದಿನ ದಿನಗಳ ಪಾಳಿ ತೆರೆಯುತ್ತದೆ. ಹೆಸರು ಒತ್ತಿದರೆ ಒಂದು ಸಣ್ಣ ಚಕ್ರ ಸುತ್ತುತ್ತದೆ, ಉತ್ತರ ಬಂದ ಮೇಲೆ ನಿಲ್ಲುತ್ತದೆ.

ತಂಗಿ ಕೊನೆಯ ಸಲ ಒತ್ತಿದಾಗ ಅದು ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಬಹಳ ಹೊತ್ತು ಅವಳು ಫೋನನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕುಳಿತಿದ್ದಳು. ಪಾಳಿ ಬೇರೆಯವರಿಗೆ ಹೋಯಿತು. ಆ ವಾರದ ಕೊನೆಗೆ ಉಸಿರು ಕಟ್ಟಿ ದೇವನಹಳ್ಳಿಯ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಹೃದಯ ಮೊದಲೇ ದುರ್ಬಲವಾಗಿತ್ತು, ಒಂದು ಪಾಳಿ ತಪ್ಪಿದ್ದೇ ಕಾರಣ ಎನ್ನಲಾಗದು ಎಂದರು ವೈದ್ಯರು. ಮಗಳು ಅದನ್ನು ಕೇಳಿಸಿಕೊಂಡಳು, ಒಪ್ಪಲಿಲ್ಲ. ಅಂದಿನಿಂದ ಲ್ಯಾಪ್‌ಟಾಪ್ ಚೀಲದಿಂದ ಹೊರಗೆ ಬಂದಿರಲಿಲ್ಲ. ಕೇಂದ್ರದವರು ಫೋನ್ ಮಾಡಿದರೆ "ನೋಡ್ತೀನಿ ಸಾರ್" ಎಂದು ಇಟ್ಟುಬಿಡುತ್ತಿದ್ದಳು.

ಹನ್ನೊಂದರ ಹೊತ್ತಿಗೆ ಒಬ್ಬ ಆಟೋ ಡ್ರೈವರ್ ಬಂದ. ಡಯಾಲಿಸಿಸ್‌ನಲ್ಲಿ ತಂಗಿಯ ಪಕ್ಕದ ಹಾಸಿಗೆಯವನು. ಬಾಳೆಹಣ್ಣಿನ ಚಿಪ್ಪು ಕೆಳಗಿಟ್ಟು, ಗೋಡೆಗೊರಗಿ ಕೂತ.

"ನಿನ್ನೆ ಬರಕ್ಕಾಗ್ಲಿಲ್ಲ ಅಕ್ಕ, ನಂದು ಮಿಷಿನ್ ಮೇಲೆ ಮಲ್ಗೋ ದಿನ. ನಿಮ್ ತಂಗಿ ಇಲ್ದೆ ಅಲ್ಲಿ ಒಬ್ರೂ ನಗಲ್ಲ ಕಣಕ್ಕ. ನನ್ ನೋಡಿ, ಏನೋ, ಇನ್ನೂ ಇದೀಯೇನೋ ಅಂತಿದ್ರು."

ಹುಡುಗಿ ಕಾಫಿ ತಂದುಕೊಟ್ಟಳು. ಅವನು ಅವಳನ್ನು ಗುರುತು ಹಿಡಿದ.

"ಓ, ಇಂಜಿನಿಯರಮ್ಮ! ನಿನ್ ಚಕ್ರ ನೋಡ್ತಾ ಕೂತು ನಮ್ಮನೇಲಿ ಅನ್ನ ಸೀದೋಯ್ತಮ್ಮ ಹೋದ್ವಾರ. ನಮ್ ಹೆಂಡ್ರು ಬೈದ್ಲು, ಅದೇನ್ ಟೀವಿ ಧಾರಾವಾಹೀನಾ ಅಂತ. ಕೊನೆಗೆ ಆಟೋ ಹತ್ತಿ ಅಲ್ಲಿಗೇ ಹೋಗಿ ಪಾಳಿ ತಗೊಂಡ್ಬಂದೆ. ನಂದೇನೋ ಆಟೋ ಐತೆ. ಬಸ್ಸಲ್ ಬರೋರು ಏನ್ ಮಾಡ್ತಾರೆ? ಇವತ್ತೂ ಸುತ್ತುತ್ತಾ ಅದು?"

ಅವಳು ಹಿತ್ತಲಿಗೆ ಹೋದಳು. ತಂಗಿಯ ಪಾಳಿ ತಪ್ಪಿದ್ದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಕಾಫಿ ಕುಡಿದು, "ಬರ್ತೀನಕ್ಕ" ಎಂದು ಎದ್ದ.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳು ಕೂತಿದ್ದಳು. ನಾನು ಒಣಗಿದ ಚಾಪೆ ಮಡಿಸತೊಡಗಿದೆ.

"ದೊಡ್ಡಮ್ಮ, ಒಂದ್ ಮಾತು ಕೇಳ್ತೀನಿ, ನಿಜ ಹೇಳು. ಅವತ್ತು ಅಮ್ಮ ಯಾಕೆ ಕೇಂದ್ರದವ್ರಿಗೊಂದು ಫೋನ್ ಮಾಡ್ಲಿಲ್ಲ?"

"ಮಾಡೋಣ ಅಂದೆ ಕಣೆ. ನಂಬರೂ ತೆಗೆದೆ. ಬೇಡ ಅಂತ ಕೈ ಹಿಡ್ಕೊಂಡ್ಳು."

"ಯಾಕೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಫೋನ್ ಮಾಡಿದ್ರೆ ನನ್ ಮಗಳ ಕೆಲಸ ಸರಿಯಿಲ್ಲ ಅಂತ ಅವ್ರ ಮುಂದೆ ನಾನೇ ಹೇಳ್ದಂಗಾಗುತ್ತೆ ಅಂದ್ಳು. ಸುತ್ತುತ್ತಾ ಇದೆಯಲ್ಲ, ಹೋಗ್ತಾ ಇದೆ, ಅವಳು ಮಾಡಿರೋದು ಅಂದ್ಳು."

ಅವಳು ಮುಖವನ್ನು ಎರಡೂ ಅಂಗೈಗಳಲ್ಲಿ ಮುಚ್ಚಿಕೊಂಡು ಅತ್ತಳು. ಹತ್ತಿರ ಹೋಗಿ ನಿಂತೆ. ಮೂಗು ಒರೆಸಿಕೊಂಡು ಹೇಳಿದಳು, "ಏನೂ ಹೋಗ್ತಾ ಇರ್ಲಿಲ್ಲ ದೊಡ್ಡಮ್ಮ. ನಿಮ್ ಶೆಡ್ಡಲ್ಲಿ ದಾರ ಕಿತ್ತೋದ್ರೂ ಬಾಬಿನ್ ಸುತ್ತುತ್ತಲ್ಲ, ಹಂಗೆ ಅದು."

ನನಗೆ ಅರ್ಥವಾಯಿತು. ಶೆಡ್ಡಿನಲ್ಲಿ ಸುತ್ತುವುದನ್ನು ನಾವು ನಂಬುತ್ತಿರಲಿಲ್ಲ. ಸಾಲಿನುದ್ದಕ್ಕೂ ನಡೆದು ಎಳೆಯನ್ನೇ ನೋಡುತ್ತಿದ್ದೆವು.

"ಆರಕ್ಕೆ ಪಾಳಿ ತೆರೆಯುತ್ತೆ," ಎಂದೆ. "ಎದ್ದು ಮುಖ ತೊಳ್ಕೊ."

ಊಟದ ನಂತರ ಲ್ಯಾಪ್‌ಟಾಪ್ ತೆಗೆದಳು. ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕುಳಿತೆ. ನಡುವೆ ನಡುವೆ ತನಗೆ ತಾನೇ ಹೇಳಿಕೊಳ್ಳುವಂತೆ ವಿವರಿಸಿದಳು. ಪುಟದ ಒಂದೊಂದು ತುಂಡನ್ನೂ ಈ ಕೆಲಸದವರು ಕಾಂಪೊನೆಂಟ್ ಎನ್ನುತ್ತಾರೆ. ಪಾಳಿಯ ತುಂಡು ಕೇಂದ್ರದ ಸರ್ವರ್ ಕಂಪ್ಯೂಟರಿಗೆ ಕೋರಿಕೆ ಕಳಿಸುವಾಗ, ಕಾಯುತ್ತಿದ್ದೇನೆ ಎಂದು ಗುರುತಿಟ್ಟುಕೊಳ್ಳುತ್ತದೆ. ಆ ಗುರುತು ಇರುವಷ್ಟು ಹೊತ್ತು ಚಕ್ರ ಸುತ್ತುತ್ತದೆ, ಬಟನ್ನಿಗೆ ಬೀಗ. ವಯಸ್ಸಾದವರು ಎರಡೆರಡು ಸಲ ಒತ್ತಿ ಗೊಂದಲವಾಗದಿರಲಿ ಎಂದು ಬೀಗ ಹಾಕಿದವಳೂ ಅವಳೇ. ಉತ್ತರ ಬಂದರೆ ಗುರುತು ಅಳಿಸಬೇಕೆಂದು ಬರೆದಿದ್ದಳು. ಬಾರದೇ ಹೋದರೆ ಏನು ಮಾಡಬೇಕೆಂದು ಬರೆದಿರಲಿಲ್ಲ.

ಈಗ ಬರೆದಳು. ಇಂತಿಷ್ಟು ಹೊತ್ತಿನೊಳಗೆ ಉತ್ತರ ಬಾರದಿದ್ದರೆ ಕೋರಿಕೆಯನ್ನು ಕೈಬಿಡಬೇಕು. ಗೆದ್ದರೂ ಸೋತರೂ ಚಕ್ರ ನಿಲ್ಲಬೇಕು, ಬೀಗ ತೆರೆಯಬೇಕು. ಸೋತರೆ ಏನು ಹೇಳಬೇಕೆಂದು ನನ್ನನ್ನು ಕೇಳಿದಳು. "ಹೋಗಲಿಲ್ಲ, ಮತ್ತೆ ಒತ್ತಿ, ಇಲ್ಲವೇ ಫೋನ್ ಮಾಡಿ ಅಂತ ಬರಿ," ಎಂದೆ. "ತಪ್ಪು ನಿಮ್ಮದಲ್ಲ ಅಂತಾನೂ ಸೇರಿಸು." ಅವಳು ಸೇರಿಸಿದಳು.

ಐದರ ನಂತರ ಪರೀಕ್ಷೆ. ಅದಕ್ಕೆ ಹಳೆಯ ಫೋನೇ ಬೇಕೆಂದು ತಂಗಿಯ ಫೋನನ್ನು ತಗೊಂಡಳು. ನೆಟ್ ಆಫ್ ಮಾಡಿ ಒತ್ತಿದಳು. ಚಕ್ರ ಸ್ವಲ್ಪ ಸುತ್ತಿ ನಿಂತಿತು, ಕೆಂಪಕ್ಷರದ ಸಾಲು ಬಂತು. ನೆಟ್ ಹಾಕಿ, ಆರಕ್ಕೆ ಮೊದಲೇ ಪಾಳಿ ತನಗೆ ಮಾತ್ರ ತೆರೆಯುವಂತೆ ಮಾಡಿಕೊಂಡು ಮತ್ತೆ ಒತ್ತಿದಳು. ಪಾಳಿ ಸಿಕ್ಕಿದೆ ಎಂದಿತು. ಕೆಳಗೆ ಅವಳಮ್ಮನ ಹೆಸರು, ಗುರುವಾರ, ಬೆಳಗಿನ ಪಾಳಿ. ಆ ಫೋನಿಗೆ ಗೊತ್ತಿದ್ದದ್ದು ಆ ಹೆಸರೊಂದೇ.

ಇಬ್ಬರೂ ನೋಡುತ್ತ ಕುಳಿತೆವು. ಹಾಸಿಗೆ ಸಿಕ್ಕಿತ್ತು.

"ಇದನ್ನ ಬಿಡ್ಬೇಕು ದೊಡ್ಡಮ್ಮ. ಯಾರಿಗಾದ್ರೂ ಬೇಕಾಗುತ್ತೆ."

"ನಾನ್ ಒತ್ಲಾ?"

"ಬೇಡ," ಎಂದು ಅವಳೇ ರದ್ದು ಒತ್ತಿದಳು. ಹೆಸರು ಹೋಯಿತು, ಗುರುವಾರದ ಬೆಳಗಿನ ಜಾಗ ಖಾಲಿ ಎಂದು ಬಂತು. ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.