ರೊಸಾಲಿನ್ ಬಾಯಿಯ ತಗಡಿನ ರೊಟ್ಟಿ

ಬೆಳಕು ಹರಿದಿಲ್ಲ. ಅತ್ತಾವರದ ಅಹ್ಮದ್ ಬಾವರ ಬೇಕರಿಯಲ್ಲಿ ದಿನದ ಬ್ರೆಡ್ಡೆಲ್ಲ ಹೊರಬಿದ್ದಿದೆ, ಒಲೆಯ ಕಾವು ಮಾತ್ರ ಇನ್ನೂ ಇಳಿದಿಲ್ಲ. ಆ ಕಾವಿಗೇ ಕಾದಿದ್ದವರಂತೆ ರೊಸಾಲಿನ್ ಬಾಯಿ ಕೈಗಾಡಿಯಿಂದ ತಗಡಿನ ತಟ್ಟೆಗಳನ್ನು ಇಳಿಸುತ್ತಿದ್ದಾರೆ.

ಇವತ್ತು ಇಗರ್ಜಿಯಲ್ಲಿ, ಅಂದರೆ ಊರಿನ ಚರ್ಚಿನಲ್ಲಿ, ಮಕ್ಕಳಿಗೆ ಮೊದಲ ಪರಮಪ್ರಸಾದ. ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಏನೂ ತಿನ್ನುವಂತಿಲ್ಲ. ಪೂಜೆ ಮುಗಿದದ್ದೇ ತಡ, ಹೊಟ್ಟೆ ಚುರುಗುಟ್ಟುತ್ತ ಓಡಿಬರುವ ಆ ದಂಡಿಗೆ ಈ ತಟ್ಟೆಗಳೇ ಗತಿ. ಈ ಸಲ ಬಿಳಿ ಉಡುಪಿನ ಸಾಲಿನಲ್ಲಿ ಅವರ ಮಗಳು ಐರಿನಳೂ ಇದ್ದಾಳೆ.

ಈ ತಗಡಿನ ರೊಟ್ಟಿಯ ಕೆಲಸವೆಲ್ಲ ಹಿಂದಿನ ಸಂಜೆಯದು. ತುಪ್ಪ ಸವರಿದ ತಟ್ಟೆಯಲ್ಲಿ ನಿನ್ನೆಯ ಬ್ರೆಡ್ಡು ಜೋಡಿಸಿ, ಮೊಟ್ಟೆ, ಕಾಸಿ ಆರಿಸಿದ ಹಾಲು, ಸಕ್ಕರೆ, ಏಲಕ್ಕಿ ಕದಡಿ ಹೊಯ್ಯುತ್ತಾರೆ. "ಹೊಸ ಬ್ರೆಡ್ಡು ಆಗುದಿಲ್ಲ, ಗಂಜಿ ಆಗ್ತದೆ." ರಾತ್ರಿಯಿಡೀ ಅದು ಒದ್ದೆ ಮರಳಿನ ಮೇಲೆ, ಒದ್ದೆ ಗೋಣಿಯಡಿಯ ತಂಪಿನಲ್ಲಿ ನೆನೆಯಬೇಕು.

ಗಂಡ ಸೆವರಿನ್ ಬಂದರಿನಲ್ಲಿ ಹಂಚು ಹೊರುತ್ತಿದ್ದವರು. ಅವರ ಸೊಂಟ ಬಿದ್ದ ಮೇಲೆ ಮದುವೆ ಮನೆಗಳ ಅಡುಗೆಯಿಂದಲೇ ಸಂಸಾರ ಸಾಗಿದೆ. ಏಲಕ್ಕಿ ಸುಲಿಯುವ ಖಾತೆ ಈಗ ಸೆವರಿನ್‌ರದು. ಹಿಂದೆಲ್ಲ ಈ ದಿನ ರೊಸಾಲಿನ್ ಬಾಯಿ ಪೂಜೆಯ ಹೊತ್ತಿಗೇ ಮಕ್ಕಳಿಗೆ ಸನ್ನ ಎಂಬ ಅಕ್ಕಿ ಕಡುಬು ಬೇಯಿಸುತ್ತಿದ್ದರು. ಹಬೆಯ ಮುಂದೆ ಕೂತವರಿಗೆ ಪೂಜೆಯೂ ಇಲ್ಲ, ಪ್ರಸಾದವೂ ಇಲ್ಲ. "ಅಡಿಗೆಯವಳಿಗೂ ದೇವರು ಬೇಕಲ್ಲ ಮಾರಾಯ್ರೆ? ಅದಕ್ಕೇ ಇದನ್ನು ಹಿಡಿದದ್ದು" ಎಂದು ಅವರು ನಗುತ್ತಾರೆ.

ಆದರೆ ಉಪವಾಸದವರು ರುಚಿ ನೋಡುವುದು ಹೇಗೆ? ಅದಕ್ಕೆ ಅಹ್ಮದ್ ಬಾವ ಇದ್ದಾರೆ. ಪ್ರತಿ ವರ್ಷ ಮೊದಲ ತಟ್ಟೆಯ ಮೂಲೆ ಅವರ ಬಾಯಿಗೆ. ಅವರು ತಲೆಯಾಡಿಸಿದರೆ ಉಳಿದವು ಒಲೆಗೆ.

ಈ ಸಲದ ಮೇ ತಿಂಗಳಿಗೆ ರಂಜಾನ್ ಬಂದು ಕೂತಿದೆ. ಮುಂಜಾವಿನ ಬಾಂಗು ಆಗಿಹೋಗಿದೆ; ಬಾವರಿಗೂ ಉಪವಾಸ, ಒಲೆಯ ಕೆಲಸದವರಿಗೂ ಉಪವಾಸ. ಸಾಲದ್ದಕ್ಕೆ, ಬೆಳಿಗ್ಗೆ ನೋಡಿದರೆ ಸೆಕೆಗೆ ಗೋಣಿ ಒಣಗಿಹೋಗಿತ್ತು. ಹಾಲು ಹುಳಿಯಾಗಿದ್ದರೆ?

ಮೊದಲ ತಟ್ಟೆ ಹೊನ್ನಿನ ಬಣ್ಣಕ್ಕೆ ಬೆಂದು ಹೊರಬರುತ್ತದೆ. ಬಾವ ಬಗ್ಗಿ ಮೂಸುತ್ತಾರೆ.

"ಪರಿಮಳ ಒಳ್ಳೆದುಂಟು ಬಾಯಿ. ಹುಳಿ ಉಂಟಾ ಇಲ್ವಾ, ನನ್ನ ಮೂಗಿಗೆ ಗೊತ್ತಾಗುದಿಲ್ಲ."

"ನಾನು ತಿಂದು ನೋಡ್ತೇನೆ" ಎಂದು ಜೊತೆಗೆ ಬಂದಿದ್ದ ಸೆವರಿನ್ ಕೈ ಚಾಚುತ್ತಾರೆ.

ರೊಸಾಲಿನ್ ಬಾಯಿ ತಟ್ಟೆಯನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. "ಬೇಡ. ನೀವು ಪ್ರಸಾದಕ್ಕೆ ಮಗಳ ಹತ್ರ ನಿಲ್ಲಿ. ಹಾಳಾಗಿದ್ರೆ ನನ್ನ ಕೈಯಿಂದ ಹಾಳಾದದ್ದು, ನಾನೇ ನೋಡ್ಬೇಕು."

ಮೂಲೆಯ ತುಂಡು ಮುರಿದು ಬಾಯಿಗಿಡುತ್ತಾರೆ.

"ಹುಳಿ ಇಲ್ಲ. ಒಳಗೆ ಹಾಕಿ ಬಾವ" ಎನ್ನುವಾಗ ಅವರ ಕಣ್ಣು ತುಂಬಿದೆ. ಅಡುಗೆಯವಳಿಗೂ ಪ್ರಸಾದ ಸಿಗಲಿ ಎಂದು ಕಂಡುಕೊಂಡ ತಿಂಡಿಯೇ ಇವತ್ತು ಅದನ್ನು ತಪ್ಪಿಸಿದೆ.

ಇಗರ್ಜಿಯಲ್ಲಿ ಐರಿನ್ ಅಪ್ಪನ ಜೊತೆ ಪೀಠದ ಮುಂದೆ ಮಂಡಿಯೂರುತ್ತಾಳೆ. ಅವಳ ಇನ್ನೊಂದು ಪಕ್ಕ ಖಾಲಿ. ಅಮ್ಮ ಹಿಂದಿನ ಬೆಂಚಿನಲ್ಲಿ ತಲೆಯೆತ್ತಿ, ನೆಟ್ಟಗೆ ಕೂತಿದ್ದಾರೆ.

ಅಂಗಳದಲ್ಲಿ ತಟ್ಟೆಗಳು ನೋಡನೋಡುತ್ತ ಬರಿದಾಗುತ್ತವೆ. ಐರಿನ್ ತನ್ನ ಪಾಲಿನಲ್ಲಿ ಅರ್ಧ ಮುರಿದು ತರುತ್ತಾಳೆ.

"ಅಮ್ಮ, ನಿಮಗೆ?"

"ನಂದು ಬೆಳಿಗ್ಗೆಯೇ ಆಯ್ತು ಮಗಾ, ನೀನು ತಿನ್ನು."

ಬೇಸರವಿಲ್ಲವೇ ಎಂದರೆ ಅವರು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೇಳುತ್ತಾರೆ: "ಉಂಟು, ಇಲ್ಲ ಅಂತ ಹೇಳುದಿಲ್ಲ. ಬರುವ ಆದಿತ್ಯವಾರ ಐರಿನಳ ಪಕ್ಕ ನಿಲ್ಬೇಕು, ಅಷ್ಟೇ ಆಸೆ. ದೇವರು ಒಂದು ವಾರ ಕಾಯ್ತಾನೆ. ಹಸಿದ ಮಕ್ಕಳು ಕಾಯ್ತಾರಾ?"