ಉತ್ತರವಿಲ್ಲದೆ ಹುಟ್ಟಿದ ಒಗಟು

ನನ್ನ ಸೋದರಮಾವ ಕ್ಷೌರಿಕ. ಕತ್ತರಿ ಕೆಲಸದಲ್ಲಿ ಸುಮಾರು, ಒಗಟಿನಲ್ಲಿ ಎತ್ತಿದ ಕೈ. ಕುತ್ತಿಗೆಗೆ ಬಟ್ಟೆ ಕಟ್ಟುವಾಗ ಒಗಟು, ಬಿಡಿಸಲಾಗದವರಿಗೆ ಉತ್ತರ ಮುಂದಿನ ಕ್ಷೌರಕ್ಕೆ. ಇದು ಅವನ ಅಂಗಡಿಯ ಪದ್ಧತಿ. ಕುತೂಹಲ ತಡೆಯಲಾರದೆ, ಗಡ್ಡ ಬೇಗ ಬೆಳೆಯಲೆಂದು ಮುಖಕ್ಕೆ ಗೊಬ್ಬರ ಹಾಕಿಕೊಂಡವರನ್ನು ನಾನು ಬಲ್ಲೆ.

ಎದುರಿಗೊಂದು ಹೊಸ ಅಂಗಡಿ ಬಂತು. ಒರಗುವ ಕುರ್ಚಿ, ಗೋಡೆ ತುಂಬ ಕನ್ನಡಿ. ಮಾವನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಉಳಿದವರಲ್ಲಿ ಅಂಚೆಯವನೊಬ್ಬ. ಅವನೂ ಒಂದು ದಿನ ಹಿಂದಿನ ಒಗಟನ್ನು ಕೂರುವ ಮೊದಲೇ ಬಿಡಿಸಿಬಿಟ್ಟ.

"ಹೊಸದು ಹೇಳಣ್ಣ. ಇಲ್ಲಾಂದ್ರೆ ಎದುರುಗಡೆ ಹೋಗ್ತೀನಿ. ಅಲ್ಲಿ ಫ್ಯಾನಾದ್ರೂ ತಿರುಗುತ್ತೆ."

ಮಾವನ ಬತ್ತಳಿಕೆ ಬರಿದಾಗಿತ್ತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟ: "ಕುಡಿಸಿದ್ರೆ ದುಡಿಯುತ್ತೆ, ದುಡಿದಷ್ಟೂ ಸೊರಗುತ್ತೆ, ತಾನು ಸೊರಗಿ ಇನ್ನೊಬ್ಬರಿಗೆ ಹೊಳಪು ಕೊಡುತ್ತೆ. ಏನದು?"

ಏನದು ಎಂದು ಮಾವನಿಗೂ ಗೊತ್ತಿರಲಿಲ್ಲ.

ಒಗಟು ಊರೆಲ್ಲ ಹಬ್ಬಿತು. ದರ್ಜಿ ಬಂದು ಮೇಣದಬತ್ತಿ ಅಂದ.

"ಮೇಣದಬತ್ತಿಗೆ ಯಾರಯ್ಯ ಕುಡಿಸ್ತಾರೆ?"

"ಹಾಗಾದ್ರೆ ನಮ್ಮ ತಮ್ಮ," ಅಂದ ಬೇಕರಿಯವನು.

"ಕುಡಿಯೋದು ಸರಿ. ದುಡಿಯೋದೆಲ್ಲಿ?"

ಬಿಟ್ಟುಹೋದವರೆಲ್ಲ ಉತ್ತರ ಹಿಡಿದು ಮರಳಿದರು. ಬೆಳಿಗ್ಗೆ ಬೋಳಿಸಿಕೊಂಡವರು ಸಂಜೆ ಮತ್ತೆ ಬಂದರು. ಊರಿನ ಕೆನ್ನೆಗಳು ಎಷ್ಟು ನುಣುಪಾದವೆಂದರೆ, ಕೂರಲು ಹೋದ ನೊಣಗಳು ಜಾರಿಬಿದ್ದು ಕಾಲು ಮುರಿದುಕೊಂಡವು.

ಮಾವನಿಗೆ ಮಾತ್ರ ಊಟ ಸೇರಲಿಲ್ಲ. "ಉತ್ತರ ಇಲ್ಲ ಅಂತ ಗೊತ್ತಾದ್ರೆ ಒಬ್ಬನೂ ಬರಲ್ಲ ಕಣೇ. ಅಂಗಡಿ ಮುಚ್ಚಬೇಕಾಗುತ್ತೆ," ಅಂದ ಅತ್ತೆಗೆ.

"ಇಲ್ಲದ್ದನ್ನ ಇದೆ ಅನ್ನೋದು ನಿಮಗೇನು ಹೊಸದಾ? ನಮ್ಮಪ್ಪನ ಹತ್ರ ಸ್ವಂತ ಮನೆ ಇದೆ ಅಂದಿರಲಿಲ್ವಾ," ಅಂದಳು ಅತ್ತೆ, ಸಾರು ಬಡಿಸುತ್ತ.

ಕೊನೆಗೆ ಎದುರಂಗಡಿಯವನೇ ಬಂದು ಕುರ್ಚಿಯಲ್ಲಿ ಕುಸಿದ. "ಹೇಳಿಬಿಡಣ್ಣ. ಇದ್ದ ಒಬ್ಬ ಗಿರಾಕಿಗೂ ಅದೇ ಗುಂಗಲ್ಲಿ ಅರ್ಧ ಮೀಸೆ ಬೋಳಿಸಿಬಿಟ್ಟೆ."

ಮಾವ ಕತ್ತಿ ತೆಗೆದ, ಕಲ್ಲಿಗೆ ನೀರು ಚಿಮುಕಿಸಿ ಮಸೆಯತೊಡಗಿದ. ನಡುವೆ ಸವೆದು ತಗ್ಗಾದ ಆ ಕಲ್ಲನ್ನೇ ಎದುರಂಗಡಿಯವನು ನೋಡಿದ.

"ಸಾಣೆಕಲ್ಲು," ಅಂದ ಮೆಲ್ಲಗೆ.

ಮಾವನ ಕೈ ನಿಂತಿತು. ನೀರು ಕುಡಿಸಬೇಕು, ಸವೆಯುತ್ತದೆ, ಕತ್ತಿ ಹೊಳೆಯುತ್ತದೆ. ದಿನವೂ ಕೈಯಲ್ಲೇ ಇತ್ತು. ಸಾಲಿನಲ್ಲಿ ಕೂತವರೆಲ್ಲ ಕಿವಿ ನಿಮಿರಿಸಿದ್ದರು. ತಪ್ಪು ಎಂದರೆ ಸಾಲು ಉಳಿಯುತ್ತಿತ್ತು. ಅನ್ನಲೆಂದೇ ಮಾವ ಬಾಯಿ ತೆರೆದ. ಆದರೆ ಒಳಗೆ ಕೊರೆಯುತ್ತಿದ್ದ ಒಗಟು ಬಗೆಹರಿದ ಸುಖಕ್ಕೆ ನಗು ಉಕ್ಕಿಬಂತು.

"ಸರಿ ಕಣಯ್ಯ," ಅಂದ.

ಸಾಲು ಎದ್ದು ರಸ್ತೆ ದಾಟಿತು. ಒರಗುವ ಕುರ್ಚಿಗಳಲ್ಲಿ ಒರಗಿ ಕಾಯಿತು. ಅಲ್ಲಿ ಬೋಳಿಸಬೇಕಾದವನು ಮಾತ್ರ ಇಲ್ಲಿ, ಮಾವನ ಕುರ್ಚಿ ಬಿಟ್ಟು ಏಳದೆ, "ಇನ್ನೊಂದು ಹೇಳಣ್ಣ" ಅನ್ನುತ್ತಿದ್ದ.

"ಇರು ಮಾರಾಯ. ಈ ಸಲ ಉತ್ತರ ಮೊದಲು ಹುಡುಕ್ತೀನಿ."

ಸಂಜೆಯ ಹೊತ್ತಿಗೆ ಕಾದವರೆಲ್ಲ ಗೊಣಗುತ್ತ ರಸ್ತೆ ದಾಟಿ ವಾಪಸ್ ಬಂದು, ಅವನ ಹಿಂದೆ ಸಾಲಾಗಿ ಕೂತರು.