ಒಂದೇ ಗೋಡೆಯ ನೆರೆಯವ

ಆತನ ಎರಡೂ ಕಿವಿಗಳಿಂದ ರೇಷ್ಮೆ ಎಳೆಯ ಕುಚ್ಚು ಇಣುಕುತ್ತಿತ್ತು. ಮಗ್ಗದ ಮೇಲೆ ಅಂದು ಯಾವ ಬಣ್ಣದ ಸೀರೆಯೋ, ಅದೇ ಬಣ್ಣದ ಚೂರು ನೂಲನ್ನು ಉಂಡೆ ಮಾಡಿ ಕಿವಿಗೆ ತುರುಕಿಕೊಳ್ಳುತ್ತಿದ್ದ. ಒಂದು ದಿನ ಗುಲಾಬಿ, ಇನ್ನೊಂದು ದಿನ ಗಿಳಿಹಸಿರು. ತನ್ನ ಕಿವಿಯನ್ನು ಇಷ್ಟು ಜೋಪಾನ ಮಾಡಿಕೊಂಡ ಮನುಷ್ಯ ನಮ್ಮ ಕಿವಿಗಳ ಬಗ್ಗೆ ಒಂದು ದಿನವೂ ಯೋಚಿಸಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಬೀದಿಯವರೆಲ್ಲ ಆತನನ್ನು ಯಜಮಾನ್ರು ಎನ್ನುತ್ತಿದ್ದರು. ಎದುರಿಗೆ ನಾನೂ ಹಾಗೇ ಕರೆದೆ. ಬೆನ್ನ ಹಿಂದೆ ಕರೆದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆತನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಆ ಗೋಡೆಗೆ ಒತ್ತಿಕೊಂಡಂತೆ ನಾಲ್ಕು ಕರೆಂಟು ಮಗ್ಗ ಹಾಕಿಸಿದ. ಅವು ಶುರುವಾದರೆ ನಮ್ಮ ಅಡುಗೆಮನೆಯ ಲೋಟಗಳು ತಾವಾಗಿಯೇ ನಡೆದು ಹಲಗೆಯ ಅಂಚಿಗೆ ಬರುತ್ತಿದ್ದವು. ಉಪ್ಪು ಕೇಳುವುದಕ್ಕೂ ಕೂಗಬೇಕು. ಜಗಳವಾಡದ ದಿನವೂ ನನಗೂ ಹೆಂಡತಿಗೂ ಜಗಳವಾಡಿದಷ್ಟು ಸುಸ್ತು. ಕೊನೆಗೆ ಮಗ್ಗದವರಂತೆ ನಾವೂ ದನಿಯಿಲ್ಲದೆ ತುಟಿಯಾಡಿಸಿ ಮಾತಾಡುವುದನ್ನು ಕಲಿತೆವು.

"ಮಗ್ಗಾನ ಆ ಕಡೆ ಗೋಡೆಗೆ ಹಾಕ್ಕೊಳ್ಳಿ ಯಜಮಾನ್ರೇ, ಮನೇಲಿ ಮಗು ಐತೆ" ಎಂದು ಕೇಳಲು ಹೋದೆ. ಆತ ಕಿವಿಯ ಉಂಡೆ ತೋರಿಸಿ ಕೈಯಾಡಿಸಿದ. ಕೇಳಿಸಲಿಲ್ಲವಂತೆ! ಮೂರನೇ ಮನೆಯಲ್ಲಿ ಯಾರಾದರೂ ಕಾಫಿ ಎಂದರೆ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ಮತ್ತೊಮ್ಮೆ ಹೋದಾಗ ಉಂಡೆ ತೆಗೆದೇ ಹೇಳಿದ: "ಮಗ್ಗದ ಸದ್ದು ಅಂದ್ರೆ ಲಕ್ಷ್ಮಿ ಕಾಲ್ಗೆಜ್ಜೆ ಕಣಪ್ಪಾ. ಅದನ್ನ ದೂರ ತಳ್ಳು ಅಂತೀಯಲ್ಲ, ಅನ್ನ ತಿನ್ನೋ ಬಾಯಲ್ಲಿ ಆಡೋ ಮಾತಾ ಇದು?"

ಗೆಜ್ಜೆ ಆತನ ಮನೆಗೆ, ತಲೆನೋವು ನಮ್ಮ ಮನೆಗೆ. ಬೀದಿಯಲ್ಲಿ ಹೆಚ್ಚಿನವರು ಮಗ್ಗದವರೇ. ಹಾಲಿನ ಡೇರಿಯ ಗುಮಾಸ್ತನಾದ ನನ್ನ ಪರ ಯಾರು ನಿಲ್ಲುತ್ತಾರೆ?

ಮಗಳಿಗೆ ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಅಪ್ಪ ಎನ್ನುವಾಗ ತುಟಿಗಳು ಸರಿಯಾಗಿ ಕೂಡಿ ಬಿಡುತ್ತಿದ್ದವು, ದನಿಯಿಲ್ಲ. ನಮ್ಮಿಂದಲೇ ಕಲಿತಿದ್ದಳು. ಅವಳು ಆತನ ಬಾಗಿಲಲ್ಲಿ ನಿಂತರೆ ಆತ ಮಗ್ಗಗಳ ನಡುವಿನಿಂದ ತುಟಿಯಾಡಿಸಿ ಕರೆಯುತ್ತಿದ್ದ. ಇವಳೂ ತುಟಿಯಲ್ಲೇ ಉತ್ತರಿಸುತ್ತಿದ್ದಳು. ಆತನಿಗೆ ಹಿಗ್ಗೋ ಹಿಗ್ಗು. "ನೋಡಪ್ಪಾ, ನಿನ್ ಮಗ್ಳು ಹುಟ್ತಾನೇ ನೇಕಾರ್ತಿ!" ಎಂದು ನಕ್ಕ. ಅಂದು ಆತನ ಕೊರಳಪಟ್ಟಿ ಹಿಡಿಯದೆ ಬಂದದ್ದೇ ಹೆಚ್ಚು.

ಮಗಳ ಕಿವಿ ಚೆನ್ನಾಗಿದೆ ಎಂದರು ಡಾಕ್ಟರು. "ಮಾತು ಕಿವಿಗೆ ಬೀಳೋ ಕಡೆ ಮಗೂನ ಇಡ್ರಿ" ಎಂದರು. ಹೆಂಡತಿ ಮಗಳನ್ನು ಕರೆದುಕೊಂಡು ಸೂಲಿಬೆಲೆಯ ತವರಿಗೆ ಹೋದಳು. ಸ್ವಂತ ಮನೆ ಬಿಟ್ಟು ಹೋಗಲಾರದೆ, ಮಾರಲೂ ಆಗದೆ ನಾನು ಆ ಗೋಡೆಯ ಜೊತೆ ಉಳಿದೆ. ಮಳೆಗಾಲ ಕಳೆಯುವ ಹೊತ್ತಿಗೆ ಅತ್ತೆಯ ಫೋನು: "ಅಳಿಯಂದ್ರೇ, ನಿಮ್ ಮಗ್ಳು ಕರೂನ ಬಾ ಬಾ ಅಂತ ಕೂಗ್ತಾ ಓಡ್ತವ್ಳೆ!" ನನಗೆ ಅಳು ಬಂತು. ಅದರ ಬೆನ್ನಲ್ಲೇ ಕೋಪವೂ ಬಂತು. ಮಗಳ ಮೊದಲ ದನಿ ಕೇಳಿದ್ದು ಕರು, ನಾನಲ್ಲ. ಆಮೇಲೆ ಭಾನುವಾರ ಹೋದಾಗಲೆಲ್ಲ ಅವಳು ಅಪ್ಪಾ ಎಂದು ಊರಿಗೇ ಕೇಳುವಂತೆ ಕೂಗುತ್ತಿದ್ದಳು.

ಕಳೆದ ವರ್ಷ ಒಂದು ಬೆಳಗ್ಗೆ ತಿಂಡಿ ತಿನ್ನುತ್ತಿದ್ದ ಹಾಗೇ ಆತ ಹೋಗಿಬಿಟ್ಟ. ಸಾವಾದರೆ ಹೆಣ ಎತ್ತುವವರೆಗೆ ಬೀದಿಯ ಮಗ್ಗಗಳೆಲ್ಲ ನಿಲ್ಲುವುದು ಇಲ್ಲಿಯ ಪದ್ಧತಿ. ಎಲ್ಲವೂ ನಿಂತವು. ಹೆಂಡತಿ ಮಗಳೊಂದಿಗೆ ಸೂಲಿಬೆಲೆಯಿಂದ ಬಂದಳು. ನೆರೆಯವರ ಸಾವಿಗೆ ಬರದಿದ್ದರೆ ಚೆನ್ನಾಗಿರುವುದಿಲ್ಲ ಎಂದು.

ಮಗಳು ಹೊಸಿಲು ದಾಟಿ ಓಡಿಬಂದು ನನ್ನ ಕಾಲು ತಬ್ಬಿ, ಮುಖವೆತ್ತಿ ತುಟಿಯಾಡಿಸಿದಳು. ದನಿಯಿಲ್ಲ.

"ಮಗ್ಗ ನಿಂತೈತೆ ಕಣವ್ವಾ. ಜೋರಾಗಿ ಹೇಳು" ಎಂದೆ.

ಅವಳು ಆ ಗೋಡೆಯ ಕಡೆ ಒಮ್ಮೆ ನೋಡಿದಳು. ನನಗೆ ಅರ್ಥವಾಗಲಿಲ್ಲವೆಂದುಕೊಂಡು ಮತ್ತೆ ತುಟಿಯಾಡಿಸಿದಳು, ಈ ಸಲ ಇನ್ನೂ ನಿಧಾನವಾಗಿ.

ಹೊರಗೆ ಆತನ ಮಗ ಕರೆಯುತ್ತಿದ್ದ: "ಹೂ ಹಾಕೋರು ಬೇಗ ಬನ್ನಿ, ಎತ್ತೋ ಹೊತ್ತಾಯ್ತು." ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಮಗಳನ್ನು ಎತ್ತಿಕೊಂಡು ಒಳಗಿನಿಂದ ಬಾಗಿಲು ಹಾಕಿದೆ.